ಒಂದೇ ಅಂಚಿನ ಕಪ್ಪು

ಕೊರೊನಾ ಕಳೆದು ಎರಡು ವರ್ಷವಾಗಿತ್ತು. ನಾನಾಗ ಇಚಲಕರಂಜಿಯ ಶಹಾಪುರದಲ್ಲಿ, ಮಗ್ಗಗಳನ್ನು ಮಾರಿ ಖಾಲಿಯಾಗಿದ್ದ ಒಂದು ಶೆಡ್ಡಿನಲ್ಲಿ ಗುಣಮಟ್ಟ ಪರೀಕ್ಷೆಯ ಎಂಜಿನಿಯರ್; ಕೆಲಸಗಾರರಿಗೆಲ್ಲ 'ಬಾಯಾರು', ಅಂದರೆ ಮೇಡಂ. ಅಲ್ಲಿ ತಯಾರಾಗುತ್ತಿದ್ದುದು ಆರ್ಗ್ಯಾನಿಕ್ ಸೋಲಾರ್ ಸೆಲ್. ಅಂದರೆ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿಯಂತೆ ಮುದ್ರಿಸುವ ಸೌರಕೋಶ. ಮುದ್ರಿಸಿದ ಹಾಳೆಯನ್ನು ಸುರುಳಿ ಸುತ್ತಿಟ್ಟು, ಮರುದಿನ ಮೇಲೊಂದು ರಕ್ಷಣಾ ಹಾಳೆ ಅಂಟಿಸುತ್ತಿದ್ದೆವು. ಗಡಹಿಂಗ್ಲಜ್ ಕಡೆಯ ಹಳ್ಳಿ ದವಾಖಾನೆಗಳ ಹೆರಿಗೆ ಕೋಣೆಯ ದೀಪಗಳಿಗೆ ನಮ್ಮ ಮೊದಲ ಮಾಲು ಹೋಗಬೇಕಿತ್ತು.

ಆ ಬೇಸಿಗೆಯಲ್ಲಿ ಹಾಳೆಗಳು ಒಂದಾದ ಮೇಲೊಂದು ಕೈಕೊಡತೊಡಗಿದವು. ಕಣ್ಣಿಗೆ ಏನೂ ಕಾಣದು, ಬಿಸಿಲಿಗೆ ಹಿಡಿದರೆ ಸಾಕಷ್ಟು ಕರೆಂಟೂ ಬಾರದು. ಮುದ್ರಣ ಯಂತ್ರ ನೋಡಿಕೊಳ್ಳುತ್ತಿದ್ದವಳು ಮಹಾದೇವಿ. ಮಾಲಕರು ಅವಳ ಕೈಬಳೆ ನೋಡಿ, "ಬಳಿ ತಾಗಿ ಗೀರು ಬೀಳಾಕತ್ತಾವ" ಎಂದು ತೀರ್ಪು ಕೊಟ್ಟೇಬಿಟ್ಟರು. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಕೆಲಸದಿಂದಲೇ ತೆಗೆಯುವ ಮಾತೂ ಬಂತು. ಅವಳು ಬಳೆಗೆ ಬಟ್ಟೆ ಸುತ್ತಿ, ಮೇಲೆ ಕೈಗವಸು ತೊಡುತ್ತಿದ್ದುದನ್ನು ನಾನು ದಿನಾ ನೋಡಿದ್ದೆ. ಪರೀಕ್ಷಿಸದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

"ನಾ ಕ್ಯಾಮೆರಾದಾಗ ನೋಡೂತನಕ ಯಾರ ಹೆಸರೂ ಎತ್ತಬ್ಯಾಡ್ರಿ" ಎಂದೆ.

ಮೊದಲು ಥರ್ಮೋಗ್ರಫಿ: ಹಾಳೆಗೆ ಸ್ವಲ್ಪ ಕರೆಂಟ್ ಕೊಟ್ಟು, ಶಾಖ ಹಿಡಿಯುವ ಕ್ಯಾಮೆರಾದಲ್ಲಿ ನೋಡುವುದು. ಗೀರು ಬಿದ್ದು ಒಳಪದರಗಳು ಒಂದಕ್ಕೊಂದು ತಾಗಿದ್ದರೆ ಆ ಜಾಗ ಬಿಸಿಯಾಗಿ ಹೊಳೆಯಬೇಕು. ಎಲ್ಲೂ ಹೊಳೆಯಲಿಲ್ಲ. ಆಮೇಲೆ ಎಲೆಕ್ಟ್ರೋಲ್ಯುಮಿನೆಸೆನ್ಸ್: ಕತ್ತಲೆ ಪೆಟ್ಟಿಗೆಯಲ್ಲಿ ಕರೆಂಟ್ ಕೊಟ್ಟರೆ ಜೀವವಿರುವ ಭಾಗ ಬರಿಗಣ್ಣಿಗೆ ಕಾಣದ ಬೆಳಕು ಸೂಸುತ್ತದೆ, ಸತ್ತ ಭಾಗ ಕಪ್ಪಾಗಿ ಉಳಿಯುತ್ತದೆ. ಕೆಟ್ಟ ಹಾಳೆಗಳಲ್ಲೆಲ್ಲ ಕಪ್ಪು ಒಂದೇ ಅಂಚಿನಿಂದ ಒಳಗೆ ಹಬ್ಬಿತ್ತು. ಅದು ತೇವದ ಲಕ್ಷಣ. ಸುರುಳಿಗಳನ್ನು ನೆಲದ ಮೇಲೆ ನಿಲ್ಲಿಸಿಡುತ್ತಿದ್ದರು. ನೆಲಕ್ಕೆ ತಾಗುವ ಅಂಚೇ ಅದು.

ಮಹಾದೇವಿಯ ತಪ್ಪಲ್ಲವೆಂದು ಖುಷಿಯಾಯಿತು. ಆದರೆ ಅಂಥ ಬಿಸಿಲಲ್ಲಿ ನೆಲಕ್ಕೆ ತೇವ ಎಲ್ಲಿಂದ ಬರಬೇಕು? ಮರುದಿನ ಶೆಡ್ ತೆರೆಯುವ ಹೊತ್ತಿಗೇ ಹೋದೆ. ಕಸ ಗುಡಿಸುವ ಬಸಪ್ಪಜ್ಜ ಬಕೆಟ್ ಹಿಡಿದು ಸುರುಳಿಗಳ ಸುತ್ತ ನೀರು ಚಿಮುಕಿಸುತ್ತಿದ್ದರು. ಜೀವಮಾನವಿಡೀ ಮಗ್ಗ ಓಡಿಸಿದವರು, ಮಹಾದೇವಿಯ ಮಾವ.

"ಅಜ್ಜಾರ, ಏನ ಮಾಡಾಕತ್ತೀರಿ?"

"ಹವಾ ಒಣಗಿದ್ರ ನೂಲಿನ ಎಳಿ ಹರೀತಾವ್ರಿ ಬಾಯಾರ. ಬ್ಯಾಸಗ್ಯಾಗ ಮಗ್ಗದ ಶೆಡ್ಡಿನಾಗ ನೆಲ ಹಸೀನ ಇಡಬೇಕು. ಈ ಹಾಳಿನೂ ಹಂಗ ಕೆಡಬಾರದಂತ ನೀರ ಹೊಡೀತೇನಿ. ಸೊಸಿ ಮ್ಯಾಲೆ ಮಾತ ಬಂದಮ್ಯಾಲೆ ಒಂದ ಬಕೆಟ್ ಜಾಸ್ತೀನ ಹಾಕಾಕತ್ತೇನಿ."

ಮಹಾದೇವಿ ಬಂದ ಮೇಲೆ ಅವಳಿಗಷ್ಟೇ ವಿಷಯ ತಿಳಿಸಿದೆ. ಅವಳ ಮುಖ ಸಣ್ಣದಾಯಿತು.

"ಬಾಯಾರ, ನನ್ನ ಬಳಿಯಿಂದನ ಕೆಟ್ಟಾವಂತ ಹೇಳಿಬಿಡ್ರಿ. ನಾ ಬ್ಯಾರೆ ಕಡೆ ಕೆಲಸ ನೋಡ್ಕೊಂತೇನಿ. ಮಾವಗ ಗೊತ್ತಾದ್ರ ಭಾಳ ಮನಸಿಗೆ ಹಚ್ಕೊಂತಾರ."

ಸುಳ್ಳು ಹೇಳಿದರೆ ನೀರು ಹಾಕುವುದು ನಿಲ್ಲುವುದಿಲ್ಲ, ಹೆರಿಗೆ ಕೋಣೆಯಲ್ಲಿ ದೀಪ ಕೈಕೊಡುತ್ತದೆ. ಕಾರಣ ಹೇಳದೆ, ಇನ್ನು ನೀರು ಬೇಡ ಎಂದಷ್ಟೇ ಅಜ್ಜನಿಗೆ ಹೇಳಿ ನೋಡಿದೆ. ಅವರು ಬಿಡುವವರೇ? "ಯಾಕ್ರಿ?" ಎಂದರು. ಮತ್ತೆ ಮತ್ತೆ ಕೇಳಿದರು. ಕೊನೆಗೆ ಹೇಳಲೇಬೇಕಾಯಿತು.

"ಅಂದ್ರ, ಹುಡುಗಿಗಿ ಕೆಟ್ಟ ಹೆಸರ ತಂದಾಂವ ನಾನ ಏನ್ರಿ?" ಎಂದು ಅಲ್ಲೇ ಕುಕ್ಕರಿಸಿದರು.

ಮಾಲಕರಿಗೆ ನಾನು ಕಡ್ಡಿ ಮುರಿದಂತೆ ಹೇಳಿದೆ: ಸುರುಳಿಗಳನ್ನು ನೆಲದ ಮೇಲಿಟ್ಟದ್ದು ನಮ್ಮ ತಪ್ಪು, ನೀರು ಹಾಕಿದವರದಲ್ಲ. ಅವರು ಒಪ್ಪಿದರು. ಎತ್ತರದ ರ್‍ಯಾಕ್ ಬಂತು, ತೇವ ಹೀರುವ ಯಂತ್ರ ಬಂತು, ಮಹಾದೇವಿ ತನ್ನ ಜಾಗಕ್ಕೆ ಮರಳಿದಳು. ಬಸಪ್ಪಜ್ಜ ಮಾತ್ರ ಅಂದೇ ಕೆಲಸ ಬಿಟ್ಟರು; ಮಾಲಕರೇ ಮನೆಗೆ ಹೋಗಿ ಕರೆದರೂ ಬರಲಿಲ್ಲ.

ಗಡಹಿಂಗ್ಲಜ್‌ಗೆ ಮಾಲು ಹೊರಡುವ ದಿನ ಮಹಾದೇವಿಯನ್ನು ಕರೆದು ಕ್ಯಾಮೆರಾದ ಪರದೆ ತೋರಿಸಿದೆ. ಹಾಳೆ ಅಂಚಿನಿಂದ ಅಂಚಿಗೆ ಬೆಳಗುತ್ತಿತ್ತು.

"ಚಂದ ಬಂದೈತ್ರಿ" ಎಂದಳು. ಪರದೆ ನೋಡುತ್ತಲೇ, "ಮಾವ ಈಗ ಮನ್ಯಾಗ ನನ್ನ ಕೂಡ ಮಾತಾಡಾಕೂ ಅಂಜತಾರ್ರಿ" ಎಂದಳು.

ನಿವೃತ್ತಳಾದರೂ ಸಲಹೆಗೆ ಈಗಲೂ ಕರೆಯುತ್ತಾರೆ. ಯಾವ ಶೆಡ್ಡಿಗೆ ಹೋದರೂ ಅಲ್ಲಿ ಏನು ತಯಾರಾಗುತ್ತದೆ, ಅದು ಯಾವುದರಿಂದ ಕೆಡುತ್ತದೆ ಎಂದು ಎಲ್ಲರಿಗಿಂತ ಮೊದಲು ಕಸ ಗುಡಿಸುವವರನ್ನು ಕೂರಿಸಿಕೊಂಡು ವಿವರಿಸುತ್ತೇನೆ. ಬಸಪ್ಪಜ್ಜನಿಗೆ ಅದನ್ನು ಯಾರೂ ಹೇಳಿರಲಿಲ್ಲ.