ಗಿಣ್ಣದ ಹಾಲು ಯಾರ ಪಾಲು

ಹಲಗೇರಿಯ ಕರೆವ್ವ ರಾಣೆಬೆನ್ನೂರಿಗೆ ಹಾಲು ಹಾಕಿ ಬದುಕುವ ಹೆಂಗಸು. ಎಮ್ಮೆ ಕರು ಹಾಕಿದಾಗ ಮಾತ್ರ ಆಕೆ ಯಾರಿಗೂ ಮಣಿಯುವವಳಲ್ಲ. ಗಿಣ್ಣದ ಹಾಲಿಗೆಂದು ಚರಿಗೆ ಹಿಡಿದು ಬಂದವರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದಳು. "ಕರದ ಹೊಟ್ಟಿ ತುಂಬಲಿ, ಉಳದ್ರ ನಿಮಗ. ಮೊದಲ ಹಾಲು ಸಿಗದ ಕರ ಬದುಕಿದ್ದನ್ನ ನಾ ಕಂಡಿಲ್ಲ."

ಅಂಥವಳು ಬೀಗತಿಯ ಮುಂದೆ ಮಾತ್ರ ಬೆಕ್ಕಿನ ಮುಂದಿನ ಇಲಿ. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕಂತೆ! ಯಾರು ಮಾಡಿದ ಕಾಯದೆಯೋ, ಅವರ ಬಾಯಿಗೆ ಮಣ್ಣು ಬೀಳಲಿ.

ಮಗಳು ನಿರ್ಮಲಾ ಚೊಚ್ಚಲ ಬಾಣಂತಿ. ಆಕೆ ಆಸ್ಪತ್ರೆಯಿಂದ ಹೆಣ್ಣುಕೂಸಿನೊಂದಿಗೆ ತವರಿಗೆ ಬಂದ ದಿನವೇ ಹಾವೇರಿಯಿಂದ ಅತ್ತೆ ಮಹೇಶ್ವರಿ ಬಂದಿಳಿದರು. ಹಿತ್ತಲಲ್ಲಿ ಎಮ್ಮೆಯೂ ಆಗಷ್ಟೇ ಕರು ಹಾಕಿತ್ತು. ಕರೆವ್ವ ಬೀಗತಿಗೆ ಕರು ಕುಡಿದು ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣವನ್ನು ತಾಟಿನಲ್ಲಿಟ್ಟು, ಎಮ್ಮೆಗೆ ಮೇವು ಹಾಕಲು ಹೋದಳು. ತಿರುಗಿ ಬರುವಷ್ಟರಲ್ಲಿ ಕೂಸು ಅತ್ತು ಅತ್ತು ಕೆಂಪಾಗಿತ್ತು. ನಿರ್ಮಲಾ ತಲೆ ತಗ್ಗಿಸಿಕೊಂಡು ಎದೆಯ ಹಾಲನ್ನು ಬಟ್ಟಲಿಗೆ ಹಿಂಡುತ್ತಿದ್ದಳು.

"ಹಳದಿ ಹಾಲು ಹೊಲಸವಾ, ಒಂಬತ್ತ ತಿಂಗಳ ಒಳಗ ಕಟ್ಟಿದ್ದು," ಎಂದರು ಮಹೇಶ್ವರಿ, ಗಿಣ್ಣ ತಿನ್ನುತ್ತಲೇ. "ಮೂರು ದಿನ ಹಿಂಡಿ ಚೆಲ್ಲಬೇಕು. ಅಲ್ಲೀತನಕ ಸಕ್ರಿ ನೀರು ಸಾಕು."

ಕರೆವ್ವ ಹೊಸ್ತಿಲಲ್ಲೇ ನಿಂತಳು. ಕೂಸಿಗೆ ರೋಗ ತಡೆಯುವ ಶಕ್ತಿ ಈ ಹಾಲಿನಲ್ಲೇ ಇದೆ ಎಂದು ಆಸ್ಪತ್ರೆಯ ನರ್ಸು ಎಲ್ಲರ ಮುಂದೆ ಹೇಳಿ ಕಳಿಸಿದ್ದಳು. ಮಾತಾಡಿದರೆ ಬೀಗತಿ ಮುನಿದು ಮಗಳನ್ನು ತವರಲ್ಲೇ ಬಿಟ್ಟಾರು. ಮಾತಾಡದಿದ್ದರೆ ಕೂಸಿನ ಗತಿ? ಎಮ್ಮೆಯ ಕರುವಿಗಿರುವ ಹಕ್ಕು ಮನುಷ್ಯರ ಕೂಸಿಗಿಲ್ಲವೆಂದರೆ ಇದೆಂಥ ಮಂದಿ!

ಆಕೆ ಮಗಳ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ಅಕ್ಕಾರ, ಎಮ್ಮಿ ಗಿಣ್ಣ ಬೆರಳು ಚೀಪಿ ತಿನ್ನಾಕತ್ತೀರಿ. ಆ ಹಾಲೂ ಹಳದೀನ ಅಲ್ಲೇನ್ರಿ? ಎಮ್ಮೀದು ಅಮೃತ, ನನ್ನ ಮಗಳದು ಹೊಲಸ? ದೇವರು ಹೆಂಗಸಿಗೆ ಎದಿ ಯಾಕ ಕೊಟ್ಟಾನ? ಸೆರಗು ಮುಚ್ಚಿ ನಾಚಕೊಳ್ಳಾಕ ಏನು? ಕೂಸಿಗೆ ಕೊಟ್ಟಾನ್ರಿ! ಹಸಿವಿಗೆ ಅಷ್ಟ ಅಲ್ಲ, ಜೀವ ಗಟ್ಟಿ ಆಗಲಿ ಅಂತ ಕೊಟ್ಟಾನ!"

ಮಹೇಶ್ವರಿ ತಾಟು ಸರಿಸಿದರು. "ನಾನೂ ಮೂರು ಹಡದೇನಿ. ಮೂರಕ್ಕೂ ಹಿಂಗ ಮಾಡೇನಿ. ನನಗ ಕಲಸಾಕ ಬರಬ್ಯಾಡ."

"ಮೂರರಾಗ ಉಳದದ್ದೆಷ್ಟ್ರಿ?"

ಉಳಿದವನು ಅಳಿಯ ಪ್ರವೀಣಕುಮಾರ ಒಬ್ಬನೇ. ಅದು ಕರೆವ್ವನಿಗೆ ಗೊತ್ತಿದ್ದೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಸು ಮತ್ತೆ ಚೀರಿತು. ನಿರ್ಮಲಾ ಯಾರ ಅಪ್ಪಣೆಗೂ ಕಾಯದೆ ಕೂಸನ್ನು ಎದೆಗೆ ಹಾಕಿಕೊಂಡಳು. ಅಳು ನಿಂತಿತು.

ಈಗ ಬೀಗತಿ ಚೀಲ ಎತ್ತಿಕೊಂಡು ಹೊರಟೇಬಿಡುತ್ತಾರೆ ಎಂದು ಕರೆವ್ವ ಹಲ್ಲು ಕಚ್ಚಿ ನಿಂತಳು. ಮಹೇಶ್ವರಿ ಏಳಲಿಲ್ಲ. ಕೂಸು ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡುತ್ತ ಸೆರಗಿನಿಂದ ಬಾಯಿ ಒತ್ತಿ ಹಿಡಿದರು.

"ನಾ ಹಡದಾಗ ನಮ್ಮನ್ಯಾಗೂ ಎಮ್ಮಿ ಇದ್ದವು ಕರೆವ್ವಾ," ಎಂದರು ಕಡೆಗೆ. "ಆದ್ರ ನನಗ ಯಾರೂ ಹಿಂಗ ಬೈಲಿಲ್ಲ."