ಕಮಲಾಪುರದ ಕ್ರಿಸ್ತನ ಚಿತ್ರ

1996ರ ಡಿಸೆಂಬರ್. ನಾನಾಗ ಕಲಬುರಗಿ ಗ್ರಾಮೀಣ ವೃತ್ತದ ಸರ್ಕಲ್ ಇನ್‌ಸ್ಪೆಕ್ಟರ್. ಹುಮನಾಬಾದ್ ರಸ್ತೆಯ ಕಮಲಾಪುರವೂ ನನ್ನ ಸರಹದ್ದಿಗೆ ಸೇರಿತ್ತು. ಕಲೆಗೂ ನನಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಆದರೂ ಸೇಡಂ ರಸ್ತೆಯ ಸಭಾಭವನವೊಂದರಲ್ಲಿ ಏರ್ಪಟ್ಟಿದ್ದ ಸಮಕಾಲೀನ ಕ್ರೈಸ್ತ ಕಲಾ ಪ್ರದರ್ಶನದ ಬಂದೋಬಸ್ತಿಗೆ ನನ್ನನ್ನು ಹಾಕಿದರು. ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು, ನಗರ ಠಾಣೆಗಳಲ್ಲಿ ಆಳು ಸಾಲುತ್ತಿರಲಿಲ್ಲ. ಕೈಯಲ್ಲಿ ಬಗೆಹರಿಯದ ಸಾವಿನ ಕೇಸು ಇಟ್ಟುಕೊಂಡು ಗೋಡೆಯ ಮೇಲಿನ ಚಿತ್ರ ಕಾಯಬೇಕಲ್ಲ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಆ ಕೇಸು ಹೀಗೆ. ದೀಪಾವಳಿಯ ಹೊತ್ತಿಗೆ ಕಮಲಾಪುರದ ಹೊರಗೆ ರಸ್ತೆಯಂಚಿನಲ್ಲಿ ಜೈಪಾಲ ಎಂಬ ಕೂಲಿಯಾಳಿನ ಹೆಣ ಸಿಕ್ಕಿತ್ತು. ಲಾರಿ ಗುದ್ದಿದೆ ಎಂದು ಊರೆಲ್ಲ ಒಂದೇ ಬಾಯಲ್ಲಿ ಹೇಳಿತು. ಮರಣೋತ್ತರ ಪರೀಕ್ಷೆ ಬೇರೆಯೇ ಹೇಳಿತು. ಬೆನ್ನ ತುಂಬ ಬಾರುಕೋಲಿನ ಬಾಸುಂಡೆ, ಮಣಿಕಟ್ಟಿನಲ್ಲಿ ಹಗ್ಗದ ಗುರುತು, ಗಂಟಲಲ್ಲಿ ಕೆಂಪು ಬಾಳೆಯ ಸಿಪ್ಪೆ. ಹೊಡೆತಕ್ಕಲ್ಲ, ಆ ಸಿಪ್ಪೆಗೆ ಉಸಿರುಗಟ್ಟಿ ಸತ್ತಿದ್ದ. ಸಿಪ್ಪೆಯ ವಿಷಯವನ್ನು ನಾವು ಬೇಕೆಂದೇ ಹೊರಗೆ ಬಿಡಲಿಲ್ಲ. ಕೊಂದವನಿಗೂ ಕಣ್ಣಾರೆ ಕಂಡವನಿಗೂ ಮಾತ್ರ ಗೊತ್ತಿರುವ ಇಂಥ ಒಂದು ಸಂಗತಿಯನ್ನು ತನಿಖೆಯಲ್ಲಿ ಬಚ್ಚಿಡುವುದು ವಾಡಿಕೆ. ಅದನ್ನು ಯಾರು ಹೊರಹಾಕುತ್ತಾರೋ ಅವರು ಸ್ಥಳದಲ್ಲಿದ್ದರು ಎಂದರ್ಥ.

ನನ್ನ ಗುಮಾನಿ ತೋಟದ ಮಾಲೀಕ ಬಾಬುರಾವನ ಮೇಲೆ. ಅವನ ತೋಟದಲ್ಲಿ ಬಾಳೆಗೊನೆಗಳು ಕಳುವಾಗುತ್ತಿದ್ದವು, ಕಳ್ಳ ಜೈಪಾಲನೇ ಎಂದು ಅವನು ಸಂತೆಯಲ್ಲಿ ಕೂಗಾಡಿದ್ದ. ಇದು ಜಾತಿ-ಧರ್ಮದ ಜಗಳವಲ್ಲ, ಬರೀ ದರ್ಪದ್ದು. ಆದರೆ ಸಾಕ್ಷಿ ಹೇಳುವವರು ಯಾರು? ಜೈಪಾಲನ ತಾಯಿ ಸುಂದ್ರಮ್ಮ, ಲಾರಿ ಹಾಯ್ದಿದೆಯಂತೆ ಎಂದಷ್ಟೇ ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಜೈಪಾಲನ ತಮ್ಮ ಪ್ರಭುದಾಸ ಅದೇ ಊರಲ್ಲಿ ಶಾಲಾ ಮಾಸ್ತರ. ಅವನನ್ನು ಠಾಣೆಗೆ ಕರೆಸಿ ಗದರಿಸಿದೆ, ಪುಸಲಾಯಿಸಿದೆ. ತನಗೇನೂ ಗೊತ್ತಿಲ್ಲ ಎಂಬ ಒಂದು ಮಾತು ಬಿಟ್ಟು ಬೇರೇನೂ ಬರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಬಾಗಿಲು, ಕಿಟಕಿ ನೋಡಿಕೊಳ್ಳಲು ಸಭಾಭವನಕ್ಕೆ ಹೋದೆ. ಚಿತ್ರಗಳನ್ನು ತೂಗುಹಾಕಿಯಾಗಿತ್ತು, ಸಾರ್ವಜನಿಕರು ಆಗಲೇ ಬಂದು ನೋಡುತ್ತಿದ್ದರು. ಮೂಲೆಯ ಒಂದು ಚಿತ್ರದೆದುರು ನನ್ನ ಕಾಲು ನಿಂತಿತು. ಕ್ರಿಸ್ತನನ್ನು ಶಿಲುಬೆಗೇರಿಸುವ ಮುಂಚೆ ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆಯುವ ದೃಶ್ಯ. ಕಂಬವೆಂದರೆ ಪಂಪ್‌ಶೆಡ್ಡಿನ ಕಬ್ಬಿಣದ ಕಂಬ, ಸುತ್ತ ಬಾಳೆಗಿಡ. ಹೊಡೆಯುವವ ಬೆನ್ನು ತಿರುಗಿಸಿದ್ದ. ಕ್ರಿಸ್ತನ ಬಾಯಿಂದ ಕೆಂಪು ಬಾಳೆಯ ಸಿಪ್ಪೆ ಹೊರಗೆ ಇಣುಕಿತ್ತು. ಇದನ್ನು ಬರೆದವರು ಸ್ಥಳದಲ್ಲಿದ್ದರು.

ಬರೆದವರು ಯಾರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬಹುಮಾನ ನಿರ್ಧರಿಸುವ ಮೂವರು ತೀರ್ಪುಗಾರರ ಜ್ಯೂರಿಯಲ್ಲಿ ಒಂದು ಪದ್ಧತಿ: ಚಿತ್ರಕ್ಕೆ ನಂಬರು ಮಾತ್ರ, ಸಹಿ ಇರಬಾರದು. ವಶೀಲಿ ನಡೆಯದಿರಲಿ ಎಂದು ಫಲಿತಾಂಶ ಸಾರುವವರೆಗೆ ಕಲಾವಿದರ ಹೆಸರು ಸಂಚಾಲಕರೊಬ್ಬರ ಹೊಟ್ಟೆಯಲ್ಲೇ ಇರಬೇಕು. ಆ ಸಂಚಾಲಕಿ ಧಾರವಾಡದ ಚಿತ್ರಕಲಾ ಉಪನ್ಯಾಸಕಿ ಗ್ರೇಸ್ ಮೇಡಂ, ಸಣಕಲು ಮೈ, ನರೆಗೂದಲು. ಇದು ಕೊಲೆ ಕೇಸು ಎಂದು ಅಬ್ಬರಿಸಿದೆ. ಆಕೆ ಕನ್ನಡಕ ಒರೆಸಿಕೊಳ್ಳುತ್ತ, ಫಲಿತಾಂಶದ ತನಕ ಯಾರಿಗೂ ಹೇಳುವುದಿಲ್ಲ, ಬೇಕಾದರೆ ಅರೆಸ್ಟ್ ಮಾಡಿರಿ ಎಂದರು. ಎಂಥ ಮೊಂಡು ಹೆಂಗಸಪ್ಪ! ಮೇಲಧಿಕಾರಿಗೆ ಫೋನು ಮಾಡಿದರೆ, ಮಂತ್ರಿಗಳ ಕಾರ್ಯಕ್ರಮ ಹಾಳು ಮಾಡಬೇಡ, ನಾಳೆ ಬೆಳಿಗ್ಗೆ ಹೇಗೂ ಗೊತ್ತಾಗುತ್ತದೆ ಎಂದು ಬೈಸಿಕೊಂಡೆ. ಚಿತ್ರದ ಬಳಿ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿ ಹೊರಟೆ.

ಮರುದಿನ ಸಭಾಭವನ ತುಂಬಿತ್ತು. ಫಲಿತಾಂಶಕ್ಕಾಗಿ ಕಲಾವಿದರೆಲ್ಲ ಬಂದಿದ್ದರು, ಮಂತ್ರಿಗಳ ಕಾರು ಇನ್ನೂ ಬಂದಿರಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದಾಗ ಒಳಗಿನಿಂದ ಚೀರಾಟ ಕೇಳಿಸಿತು. ತಿರುಗಿ ನೋಡಿದರೆ ಬಾಬುರಾವ. ಹಿಂದಿನ ದಿನ ಚಿತ್ರ ನೋಡಿ ಹೋದ ಕಮಲಾಪುರದವರಾರೋ ಅವನ ಕಿವಿಗೆ ಹಾಕಿದ್ದರು. ಹಿತ್ತಿಲ ಬಾಗಿಲಿನಿಂದ ನುಗ್ಗಿದವನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕುಡಗೋಲಿನಿಂದ ಆ ಚಿತ್ರವನ್ನು ಮೇಲಿಂದ ಕೆಳಗೆ ಸೀಳಿ ಹಾಕಿದ್ದ. ತಡೆಯಲು ಹೋದ ಕಾನ್‌ಸ್ಟೇಬಲ್‌ನ ಭುಜಕ್ಕೂ ಏಟು ಬಿದ್ದು ಯೂನಿಫಾರಂ ತೊಯ್ದಿತ್ತು. ಬಾಬುರಾವ ಗ್ರೇಸ್ ಮೇಡಂ ಅವರ ಜುಟ್ಟು ಹಿಡಿದು, ಕುತ್ತಿಗೆಗೆ ಕುಡಗೋಲು ಒತ್ತಿ ನಿಂತ. ನಾನು ರಿವಾಲ್ವರ್ ತೆಗೆದೆ, ಆದರೆ ಆ ನೂಕುನುಗ್ಗಲಲ್ಲಿ ಗುಂಡು ಹಾರಿಸುವುದಾದರೂ ಹೇಗೆ?

“ಇದನ್ನ ಬರದಾಂವ ಯಾಂವ? ಹೆಸರು ಹೇಳು” ಎಂದ ಬಾಬುರಾವ.

ಆಕೆಯ ಕುತ್ತಿಗೆಯಿಂದ ರಕ್ತ ಇಳಿದು ಸೀರೆಯ ಅಂಚಿಗೆ ತಾಗಿತು. ಆದರೂ ಹಿಂದಿನ ದಿನ ನನಗೆ ಕೊಟ್ಟ ಉತ್ತರವನ್ನೇ ಅವನಿಗೂ ಕೊಟ್ಟರು.

“ಫಲಿತಾಂಶ ಬರೂತನಕ ಯಾರಿಗೂ ಹೇಳೂದಿಲ್ಲ.”

ಅವನು ಕುಡಗೋಲು ಇನ್ನಷ್ಟು ಒತ್ತಿದ. ಅಷ್ಟರಲ್ಲಿ ಕಲಾವಿದರ ಗುಂಪಿನಿಂದ ಒಬ್ಬ ಮುಂದೆ ಬಂದ. ಪ್ರಭುದಾಸ! ಅವನು ಕುಂಚ ಹಿಡಿಯುತ್ತಾನೆಂಬುದೇ ನನಗೆ ಗೊತ್ತಿರಲಿಲ್ಲ. ದನಿ ಗಟ್ಟಿಯಾಗಿತ್ತು.

“ಆಕೀನ ಬಿಡು, ಬಾಬುರಾವ. ಅದು ನಾ ಬರದದ್ದು. ನಮ್ಮಣ್ಣನ ಬಾಯಾಗ ಸಿಪ್ಪಿ ತುರುಕಿದಾಂವ ನೀನು. ಬಾಳಿಗಿಡದ ಹಿಂದ ನಿಂತು ನಾ ನೋಡೀನಿ.”

ಇಡೀ ಸಭಾಭವನ ಕೇಳಿಸಿಕೊಂಡಿತು. ಬಾಬುರಾವ ಮೇಡಂ ಅವರನ್ನು ನೂಕಿ ಪ್ರಭುದಾಸನ ಮೇಲೆ ಬಿದ್ದ. ಮೊದಲ ಏಟು ಅಡ್ಡ ಹಿಡಿದ ಕೈಗೆ, ಎರಡನೆಯದು ಹೊಟ್ಟೆಗೆ. ಮೂರನೆಯದಕ್ಕೆ ಕೈಯೆತ್ತಿದಾಗ ನಾನು ತಲುಪಿದ್ದೆ. ಪಕ್ಕದ ಪೇದೆಯ ಲಾಠಿ ಕಸಿದು ಬಾಬುರಾವನ ಮೊಣಕೈಗೆ ಬಾರಿಸಿದೆ, ಮೂಳೆ ಮುರಿದದ್ದು ನನಗೇ ಕೇಳಿಸಿತು. ಕೆಳಗೆ ಬಿದ್ದರೂ ಆ ಹಲ್ಕಾ ನನ್ನ ಕೈ ಕಚ್ಚಿ ಹಿಡಿದ. ಬಿಡಿಸಲು ಇಬ್ಬರು ಬೇಕಾದರು. ಪ್ರಭುದಾಸ ಹೊಟ್ಟೆ ಅದುಮಿಕೊಂಡು ತನ್ನದೇ ಚಿತ್ರದ ಕೆಳಗೆ ಕುಸಿದಿದ್ದ. ಬಂದೋಬಸ್ತಿನ ಜೀಪಿನಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದೆವು.

ಬದುಕುವುದು ಅನುಮಾನ ಎಂದು ವೈದ್ಯರು ಹೇಳಿದ್ದರಿಂದ ಮ್ಯಾಜಿಸ್ಟ್ರೇಟರನ್ನು ಕರೆಸಿ ಅವನ ಹೇಳಿಕೆ ಬರೆಸಿಕೊಂಡೆವು. ಪುಣ್ಯಕ್ಕೆ ಬದುಕಿದ. ಮುಂದೆ ಕೋರ್ಟಿನಲ್ಲೂ ಮಾತು ಬದಲಿಸಲಿಲ್ಲ, ಬಾಬುರಾವನಿಗೆ ಜೀವಾವಧಿ ಶಿಕ್ಷೆಯಾಯಿತು. ಜ್ಯೂರಿ ಮಾತ್ರ ಆ ಚಿತ್ರಕ್ಕೆ ಬಹುಮಾನ ಕೊಡಲಿಲ್ಲ. ಅಂಕಗಳನ್ನು ಮೊದಲೇ ಹಾಕಿಯಾಗಿತ್ತು, ಕನಿಕರಕ್ಕೆ ತಿದ್ದಲಾಗದು ಎಂದರು ಗ್ರೇಸ್ ಮೇಡಂ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ. ಅವರ ಆ ಮೊಂಡುತನಕ್ಕೆ ಅಂದಿನಿಂದ ನನ್ನ ಸಲಾಮು.

ಆಸ್ಪತ್ರೆಯಲ್ಲಿ ಪ್ರಭುದಾಸನಿಗೆ ಎಚ್ಚರವಾದಾಗ ಸುಂದ್ರಮ್ಮ ಪಕ್ಕದಲ್ಲಿದ್ದಳು. ಅವನು ಅತ್ತುಬಿಟ್ಟ. ಅಣ್ಣನಿಗೆ ಹೊಡೆಯುವಾಗ ಹೆದರಿ ನಿಂತಿದ್ದೆ, ಅವನು ಹೀಗೆ ಸತ್ತನೆಂದು ಗೊತ್ತಾದರೆ ನೀನು ಉಳಿಯುವುದಿಲ್ಲ ಎಂದು ನಿನಗೂ ಹೇಳಲಿಲ್ಲ, ಎದೆಯಲ್ಲಿ ಇಟ್ಟುಕೊಳ್ಳಲಾರದೆ ಬರೆದೆ ಎಂದ. ಸುಂದ್ರಮ್ಮ ಅವನ ಹಣೆ ಸವರಿದಳು.

“ಹೆಣ ತೊಳದಾಕಿ ನಾನು, ಬೆನ್ನು ನೋಡಿಲ್ಲೇನಪ? ನಾ ಬಾಯಿ ಬಿಟ್ರ ನೀನೂ ಬಿಡ್ತಿ, ನಿನ್ನೂ ಕೊಲ್ತಾರ ಅಂತ ಲಾರಿ ಅಂದೆ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಗೋಡೆಗೆ ಒರಗಿದೆ. ಆಮೇಲಿನ ಸರ್ವೀಸಿನಲ್ಲಿ ಸಾಕ್ಷಿಗಳು ಗೊತ್ತಿಲ್ಲ ಎಂದಾಗಲೆಲ್ಲ, ಇವರು ಯಾರ ಜೀವ ಕಾಯುತ್ತಿದ್ದಾರೆ ಎಂದು ಮೊದಲು ವಿಚಾರಿಸುತ್ತಿದ್ದೆ. ಅಂಥವರ ಮನೆಯ ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದೆ.