ಸಂಘದ ಪೇಟ, ಅಕ್ಕನ ಸೈಕಲ್ಲು

ಮುಚ್ಚಳ ತೆಗೆದ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಕೊಬ್ಬರಿ ಎಣ್ಣೆ, ತಲೆಗೂದಲಿಗೆ ಬಳಿಯುವ ಕಪ್ಪು ಬಣ್ಣ, ಒಣಗಿದ ಬೆವರು, ಎಲ್ಲದರ ಮೇಲೆ ನುಸಿಗುಳಿಗೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ನಮ್ಮ ಕನ್ನಡ ಸಂಘದ ಮೈಸೂರು ಪೇಟ ಕೂತಿತ್ತು. ಸಂಘಕ್ಕೆ ಇರುವುದು ಇದೊಂದೇ ಪೇಟ. ಸನ್ಮಾನ ಮಾಡಿಸಿಕೊಳ್ಳುವವರ ತಲೆಗೆ ಇದನ್ನಿಡುತ್ತಾರೆ, ಫೋಟೋ ತೆಗೆಯುತ್ತಾರೆ, ಅವರು ವೇದಿಕೆ ಇಳಿಯುವ ಹೊತ್ತಿಗೆ ಯಾರೋ ಒಬ್ಬರು ಹಿಂದಿನಿಂದ ಓಡಿಬಂದು "ಸರ್, ಶಾಲು ನಿಮ್ದು, ಪೇಟ ಸಂಘದ್ದು" ಎಂದು ಎತ್ತಿಕೊಂಡು ಹೋಗುತ್ತಾರೆ. ಎಷ್ಟು ತಲೆಗಳ ಎಣ್ಣೆ ಕುಡಿದಿದೆಯೋ ಏನೋ, ಒಳಗಿನ ಬಟ್ಟೆ ಕಂದುಗಟ್ಟಿ ಅಂಟಂಟಾಗಿತ್ತು. ಥೂ! ಬೆರಳು ತಾಗಿದ್ದಕ್ಕೇ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ.

ಸಂಘದ ಸಾಮಾನು ಇಟ್ಟುಕೊಳ್ಳುವ ಸರದಿ ಈ ವರ್ಷ ನಮ್ಮ ಮನೆಗೆ ಬಂದಿದೆ. ಜಪಾನಿನ ಫುನಾಬೊರಿಯ ಈ ಗೂಡಿನಂಥ ಫ್ಲ್ಯಾಟಿನಲ್ಲಿ ನಮ್ಮ ಚಪ್ಪಲಿಗೇ ಜಾಗವಿಲ್ಲ. ಆದರೂ ದೀಪದ ಕಂಬ, ಬಾವುಟ, ಪೇಟ ಎಲ್ಲ ಬಂದು ಕೂತಿವೆ. ಕಾರ್ಯದರ್ಶಿ ತಂದಿಳಿಸುವಾಗ, "ಮೇಡಂ, ಪೇಟ ಸ್ವಲ್ಪ ಬಿಸಿಲಿಗೆ ಹಾಕಿ. ಹೋದ್ಸಲದ ಗೆಸ್ಟು ಸ್ಮೆಲ್ ಬರ್ತಿದೆ ಅಂದ್ರು" ಎಂದಿದ್ದ. ಈ ಸಲದ ರಾಜ್ಯೋತ್ಸವಕ್ಕೆ ಯಾರ ತಲೆಗೆ ಎಂದು ಕೇಳಿದೆ. ಮೇಲಿನ ಮನೆ ಅಕ್ಕನ ಗಂಡನ ಹೆಸರು ಹೇಳಿದ. ಬೆಂಗಳೂರಿನಿಂದ ಬರುತ್ತಿದ್ದಾರಂತೆ, ಹೆಂಡತಿಯ ನೆನಪಿಗೆ ಸಂಘದಿಂದ ಅವರಿಗೆ ಒಂದು ಫಲಕ ಕೊಡುತ್ತಾರಂತೆ. ಅದೇ ಪೇಟ, ಮತ್ತೆ ಅದೇ ತಲೆ. ನನ್ನ ಮೈ ಉರಿದುಹೋಯಿತು.

ಮೇಲಿನ ಮನೆ ಅಕ್ಕ ಮೈಸೂರಿನವಳು. ಗಂಡನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ನಮ್ಮದೇ ಕಟ್ಟಡದಲ್ಲಿ, ನಮ್ಮ ನೆತ್ತಿಯ ಮೇಲಿನ ಮನೆ ಅವರದ್ದು. ನಾನು ಜಪಾನಿಗೆ ಹೊಸದಾಗಿ ಬಂದಾಗ ಕಸ ಬೇರ್ಪಡಿಸುವುದರಿಂದ ಹಿಡಿದು ಕೊಂಬಿನಿ ಅಂಗಡಿಯ ಯಾವ ತಿಂಡಿಯಲ್ಲಿ ಮೀನಿನ ಪುಡಿ ಇರುತ್ತದೆ ಎನ್ನುವವರೆಗೆ ಎಲ್ಲವನ್ನೂ ಕಲಿಸಿದವಳು. "ನೀವು ಗೀವು ಅಂದ್ರೆ ಬಾಗ್ಲು ತೆಗೆಯಲ್ಲ ನೋಡು" ಎಂದು ನನ್ನನ್ನು ಏಕವಚನಕ್ಕೆ ಇಳಿಸಿದ್ದೂ ಅವಳೇ. ನಕ್ಕರೆ ಮೆಟ್ಟಿಲುಗಳ ಉದ್ದಕ್ಕೂ ಕೇಳಿಸುತ್ತಿತ್ತು. ಗಂಡ ಮನೆಯಲ್ಲಿದ್ದಾಗ ಮಾತ್ರ ಆ ನಗು ಕೇಳಿಸುತ್ತಿರಲಿಲ್ಲ...

ಸೈಕಲ್ಲು ಅವಳ ಬದುಕಿಗೆ ಬಂದದ್ದು ದೊಡ್ಡ ಭೂಕಂಪದ ದಿನ. ಬಾಣಂತಿ ಗೆಳತಿಯನ್ನು ನೋಡಲು ಕಾವಾಸಾಕಿಗೆ ಹೋಗಿದ್ದಳು. ರೈಲುಗಳು ನಿಂತವು, ಫೋನು ಸತ್ತವು. ಸ್ಟೇಷನ್ ಎದುರಿನ ಸೈಕಲ್ ಅಂಗಡಿಗೆ ಜನ ಮುಗಿಬಿದ್ದಿದ್ದರಂತೆ. ಇವಳೂ ನುಗ್ಗಿ ಒಂದು ಮಾಮಾಚಾರಿ ಹಿಡಿದುಕೊಂಡಳು. ಇಲ್ಲಿನ ಅಮ್ಮಂದಿರು ತರಕಾರಿಯನ್ನೂ ಮಕ್ಕಳನ್ನೂ ಹೇರಿಕೊಂಡು ಹೋಗುವ, ಮುಂದೆ ಬುಟ್ಟಿಯಿರುವ ಭಾರದ ಸೈಕಲ್ಲು ಅದು. ಮೈಸೂರಿನಲ್ಲಿ ಕಾಲೇಜು ಮುಗಿದ ಮೇಲೆ ಪೆಡಲ್ ಮುಟ್ಟಿರದವಳು, ನಡೆದು ಮನೆಗೆ ಹೊರಟಿದ್ದ ಆ ಜನಜಾತ್ರೆಯ ಪಕ್ಕದಲ್ಲೇ ತುಳಿಯುತ್ತ, ಒಂದೊಂದೇ ಸೇತುವೆ ದಾಟುತ್ತ ಫುನಾಬೊರಿ ಸೇರಿದಳು. ಗಂಡ ಆಗಲೇ ಮನೆಗೆ ಬಂದು ಕೂತಿದ್ದರು. ಬಾಗಿಲು ತೆಗೆದು ಅವರಾಡಿದ ಮೊದಲ ಮಾತು, "ಫೋನ್ ಚಾರ್ಜ್ ಮಾಡ್ಕೊಂಡು ಹೋಗೋಕೆ ಏನಾಗಿತ್ತು ನಿಂಗೆ?"

"ಬೈಸ್ಕೊಂಡ್ರೂ ಅವತ್ತು ಬೇಜಾರಾಗ್ಲಿಲ್ಲ ಕಣೇ," ಎಂದು ಆಮೇಲೆ ನನಗೆ ಹೇಳಿದಳು. "ಯಾರೂ ಕರ್ಕೊಂಡು ಹೋಗ್ದೇನೇ ನಾನು ಹೋಗಬಲ್ಲೆ ಅಂತ ಗೊತ್ತಾಯ್ತಲ್ಲ, ಅದೇ ಖುಷಿ."

ಆಮೇಲಿನ ವರ್ಷಗಳಲ್ಲಿ ನದಿ ದಂಡೆಯ ಮೇಲೆ ದಿನಾ ತುಳಿದಳು. ಮಗ ಓದಲು ಬೇರೆ ಊರಿಗೆ ಹೋದ ವರ್ಷ ಬಾಂಬು ಹಾಕಿದಳು. ಹೊಕ್ಕಾಯ್ದೊದ ಉತ್ತರ ತುದಿಯಲ್ಲಿರುವ ಸೋಯಾ ಭೂಶಿರದಿಂದ ಕ್ಯೂಶುವಿನ ದಕ್ಷಿಣ ತುದಿಯ ಸಾತಾ ಭೂಶಿರದವರೆಗೆ, ಇಡೀ ಜಪಾನು, ಅದೇ ಮಾಮಾಚಾರಿಯಲ್ಲಿ! ಸಮುದ್ರ ಬಂದಲ್ಲಿ ದೋಣಿ, ನೆಲ ಇದ್ದಲ್ಲೆಲ್ಲ ಸೈಕಲ್ಲು. ಒಂದು ಮಾರು ರಸ್ತೆಯನ್ನೂ ಗಾಡಿ ಹತ್ತಿ ದಾಟುವುದಿಲ್ಲ, ಇಷ್ಟೇ ಅವಳ ನಿಯಮ. "ಮಧ್ಯೆ ಒಂದು ಚೂರು ಬಿಟ್ರೂ ನಾನು ದಾಟಿದೆ ಅಂತ ಹೇಳ್ಕೊಳೋ ಹಾಗಿಲ್ಲ" ಎಂದಳು. ಗಂಡ ಬೇಡವೆನ್ನಲಿಲ್ಲ. ಅರ್ಧ ದಾರಿಯಿಂದ ಅಳುತ್ತ ಬರುತ್ತಾಳೆ ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ನಕ್ಕರು.

ಹೆಲ್ಮೆಟ್ಟಿನೊಳಗೆ ಕೂದಲು ಒಣಗುವುದಿಲ್ಲವೆಂದು ಮೊಣಕಾಲುದ್ದದ ಜಡೆಯನ್ನು ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿಕೊಂಡು, ಬುಟ್ಟಿಯ ತುಂಬ ಚಟ್ನಿಪುಡಿ, ಹುರಿಹಿಟ್ಟು ತುಂಬಿಕೊಂಡು ಬೇಸಿಗೆಯ ಕೊನೆಗೆ ಹೊರಟಳು. ಸಂಜೆ ಸಂಜೆ ಯಾವುದೋ ಕೊಂಬಿನಿಯ ಎದುರು ಕೂತು ಅನ್ನದುಂಡೆಗೆ ಚಟ್ನಿಪುಡಿ ಮೆತ್ತಿಕೊಂಡು ತಿನ್ನುತ್ತ ನನಗೆ ಫೋನ್ ಮಾಡುತ್ತಿದ್ದಳು. ಸುನಾಮಿ ಬಂದುಹೋದ ಕರಾವಳಿಯಲ್ಲಿ ಒಬ್ಬ ಅಜ್ಜಿ ತನ್ನ ತಾತ್ಕಾಲಿಕ ಶೆಡ್ಡಿನಲ್ಲಿ ಮಲಗಿಸಿಕೊಂಡು, ಇವಳು ಏಳುವಷ್ಟರಲ್ಲಿ ಸಾಕ್ಸ್ ಒಗೆದು ಒಣಹಾಕಿದ್ದಳಂತೆ. "ನಾನು ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ ಅಂತಿದೀನಿ, ಆ ಅಜ್ಜಿ ಗದರ್ತಿದಾಳೆ!" ಕ್ಯೂಶುವಿಗೆ ಹೋಗುವ ಕಡಲಡಿಯ ಸುರಂಗದಲ್ಲಿ ಸೈಕಲ್ಲು ತಳ್ಳಿಕೊಂಡು ಹೋದ ದಿನ ಅವಳ ದನಿ ನಡುಗುತ್ತಿತ್ತು. "ತಲೆ ಮೇಲೆ ಸಮುದ್ರ ಕಣೇ. ನಂಗೆ ಇನ್ನು ಯಾವ ಹೆದರಿಕೇನೂ ಇಲ್ಲ." ಎಂದು ನಕ್ಕಳು. ಆ ನಗು ಫೋನಿನಲ್ಲೇ ಮೆಟ್ಟಿಲಿಳಿದು ಬಂದ ಹಾಗಾಯಿತು ನನಗೆ.

ಸಂಘಕ್ಕೆ ಎಚ್ಚರವಾದದ್ದು ಆಗ. ಅಲ್ಲಿಯವರೆಗೆ "ಮನೆ ಬಿಟ್ಟು ಇದೇನು ಹುಚ್ಚು" ಎನ್ನುತ್ತಿದ್ದ ಬಾಯಿಗಳೇ "ನಮ್ಮ ಹೆಮ್ಮೆಯ ಕನ್ನಡತಿ" ಎನ್ನತೊಡಗಿದವು. ರಾಜ್ಯೋತ್ಸವದ ದಿನ ಸನ್ಮಾನ ಎಂದು ನಿಶ್ಚಯವಾಯಿತು. ಯಾವುದಾದರೂ ಉದ್ದೇಶ ಇರಬೇಕಲ್ಲ ಎಂದು ಅವರೇ ಕೂತು ಉದ್ದೇಶ ಹುಟ್ಟಿಸಿ, "ಸುನಾಮಿ ಸಂತ್ರಸ್ತರಿಗಾಗಿ ಸೈಕಲ್ ಯಾತ್ರೆ" ಎಂದು ಬ್ಯಾನರ್ ಮಾಡಿಸಿದರು. ಆ ಅಜ್ಜಿ ಇವಳ ಸಾಕ್ಸ್ ಒಗೆದಿದ್ದಳು. ಇವಳು ಅಜ್ಜಿಗಾಗಿ ಏನೂ ಮಾಡಿರಲಿಲ್ಲ. ಆ ಮಾತನ್ನು ಅಕ್ಕನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಹೇಸಿಗೆ ಎನ್ನಿಸಬೇಕಾದವರಿಗೆ ಯಾರಿಗೂ ಎನ್ನಿಸಲಿಲ್ಲ.

ಆದರೆ ಬಿರುಗಾಳಿ ಮಳೆಗೆ ಸಿಕ್ಕಿ ಅಕ್ಕ ಎರಡು ಮೂರು ದಿನ ಹಿಂದೆ ಬಿದ್ದಳು. ಕಾಗೋಶಿಮಾದಿಂದ ದೋಣಿಯಲ್ಲಿ ಕೊಲ್ಲಿ ದಾಟಿ ತಾರುಮಿಜು ಎಂಬ ಸಣ್ಣ ಬಂದರಿನಲ್ಲಿ ಇಳಿದರೆ ಆಮೇಲೆ ಉಳಿಯುವುದು ಕೊನೆಯ ಗುಡ್ಡದ ದಾರಿ. ಅವಳ ಕಾಲಿಗೆ ಒಂದೂವರೆ ದಿನದ ಕೆಲಸ, ಅಷ್ಟೇ. ದೋಣಿಯಿಂದ ಸೈಕಲ್ಲು ತಳ್ಳಿಕೊಂಡು ಇಳಿದಾಗ ಎದುರಿಗೆ ಗಂಡ! ವಿಮಾನದಲ್ಲಿ ಬಂದು, ಬಾಡಿಗೆಯ ವ್ಯಾನು ತಂದು ನಿಲ್ಲಿಸಿಕೊಂಡಿದ್ದರು. ಮಾರನೆಯ ದಿನವೇ ಸಮಾರಂಭ. ಯಾತ್ರೆ ಮುಗಿದೇಹೋಗಿದೆ ಎಂದು ಅವರಾಗಲೇ ಸಂಘಕ್ಕೆ ಹೇಳಿಯಾಗಿತ್ತು, ಆಮಂತ್ರಣ ಹೋಗಿಯಾಗಿತ್ತು, ಅವರ ಕಂಪನಿಯ ಜಪಾನಿ ಮೇಲಧಿಕಾರಿ ಬರುವುದಾಗಿ ಒಪ್ಪಿಯಾಗಿತ್ತು.

"ಎರಡು ತಿಂಗ್ಳು ನಿನ್ನಿಷ್ಟದ ಹಾಗೆ ಕುಣಿದ್ಯಲ್ಲ, ಒಂದು ದಿನ ನನ್ನ ಮಾನ ಉಳಿಸೋಕಾಗಲ್ವಾ?" ಎಂದರಂತೆ. ಇವಳು ಬಂದರಿನ ಕಟ್ಟೆಯ ಮೇಲೆ ಕೂತುಬಿಟ್ಟಳಂತೆ. ಅವರು ದನಿಯೇರಿಸಿದರು, ದೋಣಿ ಇಳಿದ ಜನ ತಿರುಗಿ ನೋಡಿದರು. ಕೊನೆಗೆ ಅವರೇ ಸೈಕಲ್ಲೆತ್ತಿ ವ್ಯಾನಿನ ಹಿಂದೆ ಹಾಕಿದರು. ಅದರ ಹಿಂದೆ ಇವಳೂ ಹತ್ತಿದಳು.

ಸಾತಾ ಭೂಶಿರದಲ್ಲಿ ಸೈಕಲ್ಲು ಇಳಿಸಿ, ಇವಳ ಪಕ್ಕ ತಾವೂ ಹ್ಯಾಂಡಲ್ ಹಿಡಿದು ನಿಂತು, ಯಾರೋ ಪ್ರವಾಸಿಯ ಕೈಗೆ ಫೋನು ಕೊಟ್ಟರು. ಅದಕ್ಕೆ ಮುಂಚೆ ನೀರಿನ ಬಾಟಲಿ ಇವಳ ಕೈಗಿತ್ತು, "ಮುಖಕ್ಕೆ ಸ್ವಲ್ಪ ಚಿಮುಕಿಸ್ಕೋ. ಬೆವರಿದ ಹಾಗೆ ಕಾಣ್ಲಿ" ಎಂದರಂತೆ. ಅವತ್ತು ರಾತ್ರಿಯೇ ವಿಮಾನದಲ್ಲಿ ಕರೆತಂದರು. ಸಮಾರಂಭದ ದಿನ ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅಕ್ಕ ಇದನ್ನೆಲ್ಲ ನನಗೆ ಹೇಳಿದಳು. ಅಳಲಿಲ್ಲ. ಬಾಯಿಗೆ ಕೆಟ್ಟ ರುಚಿ ಬಂದವಳಂತೆ ತುಟಿ ಒರೆಸಿಕೊಳ್ಳುತ್ತಲೇ ಇದ್ದಳು.

ಸಂಜೆ ಸಭಾಂಗಣ ತುಂಬಿತ್ತು. ಅಕ್ಕನಿಗೆ ರೇಷ್ಮೆ ಸೀರೆ ಉಡಿಸಿ, ಕತ್ತರಿಸಿದ ಕೂದಲಿಗೆ ಪಿನ್ನಿನ ಮೇಲೆ ಪಿನ್ನು ಚುಚ್ಚಿ ಪ್ಲಾಸ್ಟಿಕ್ ಮಲ್ಲಿಗೆ ಸಿಕ್ಕಿಸಿದ್ದರು. ಬಿಸಿಲಿಗೆ ಸುಟ್ಟ ಕೈ, ಗ್ಲೌಸ್ ಇದ್ದ ಕಡೆ ಮಾತ್ರ ಬಿಳಿ. ಸನ್ಮಾನಕ್ಕೆ ಎರಡು ಕುರ್ಚಿ ಹಾಕಿದ್ದರು. ದಂಪತಿ ಸನ್ಮಾನವಂತೆ! ಶಾಲು ಗಂಡನ ಹೆಗಲಿಗೆ ಬಿತ್ತು. ಹಾರ ಗಂಡನ ಕೊರಳಿಗೆ. ಕೊನೆಗೆ ಈ ಪೇಟ, ಈ ನಾರುವ ಪೇಟ, ಅವರ ತಲೆಗೇರಿತು. ಅಕ್ಕನ ಕೈಗೆ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸು.

ನಾನು ಕೂತಲ್ಲಿಂದಲೇ ಕೂಗಿದೆ. "ಸೈಕಲ್ ತುಳಿದೋಳು ಅವಳು ಕಣ್ರೀ, ಅವಳಿಗೆ ಹಾಕಿ ಪೇಟ!"

ಆಗಿನ ಅಧ್ಯಕ್ಷರು ಮೈಕಿನಲ್ಲೇ ನಕ್ಕರು. "ಹೆಂಗಸ್ರಿಗೆ ಪೇಟ ಹಾಕೋ ಪದ್ಧತಿ ಇಲ್ವಲ್ಲಮ್ಮ. ಅಲ್ದೆ ಹೆಂಡತೀನ ಕಳಿಸಿಕೊಟ್ಟ ದೊಡ್ಡ ಮನಸ್ಸು ಇವರದ್ದು. ಜೋರಾಗಿ ಚಪ್ಪಾಳೆ ಬರ್ಲಿ!" ಚಪ್ಪಾಳೆ ಬಂತು. ಪಕ್ಕದಲ್ಲಿ ಕೂತವರು ನನ್ನ ಸೆರಗು ಜಗ್ಗಿ ಕೂರಿಸಿದರು.

ಆಮೇಲೆ ಎರಡು ಮಾತಾಡಿ ಎಂದು ಅಕ್ಕನ ಕೈಗೆ ಮೈಕು ಕೊಟ್ಟರು. ಅವಳು ಗಂಡನನ್ನು ನೋಡಲಿಲ್ಲ. ನೆಟ್ಟಗೆ ಸಭೆಯನ್ನು ನೋಡಿ ಸ್ಪಷ್ಟವಾಗಿ ಹೇಳಿದಳು. "ನಾನು ಮುಗಿಸಿಲ್ಲ. ಇನ್ನೂ ಸ್ವಲ್ಪ ದಾರಿ ಬಾಕಿ ಇದೆ."

ಅಷ್ಟರಲ್ಲಿ ನಿರೂಪಕ ಮೈಕು ಕಿತ್ತುಕೊಂಡು, "ನೋಡಿ! ಇಡೀ ಜಪಾನ್ ದಾಟಿ ಬಂದು, ಇನ್ನೂ ಮುಗಿಸಿಲ್ಲ ಅಂತಾರೆ. ಎಂಥಾ ವಿನಯ, ಎಂಥಾ ಸಂಸ್ಕಾರ!" ಎಂದು ಅರಚಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೆಲವರು ಕಣ್ಣೊರೆಸಿಕೊಂಡರು. ಥೂ, ಇವರ ಸಂಸ್ಕಾರಕ್ಕಿಷ್ಟು! ಅವಳು ಬಾಯಿ ಬಿಟ್ಟು ಹೇಳಿದ ನಿಜವನ್ನು ಹಾರ ಹಾಕಿಯೇ ಮುಚ್ಚಿಬಿಟ್ಟರು. ವೇದಿಕೆಯ ಮೇಲೆ ಅಕ್ಕ ಆ ಬ್ಲೌಸ್ ಪೀಸನ್ನು ಮಡಿಸುತ್ತ, ಬಿಚ್ಚುತ್ತ, ಮಡಿಸುತ್ತ ಕೂತಿದ್ದಳು.

ಚಳಿ ಕಳೆದ ಮೇಲೆ ತಾರುಮಿಜುವಿಗೆ ಹೋಗಿ ಉಳಿದದ್ದನ್ನು ಮುಗಿಸಿ ಬರುತ್ತೇನೆ ಎಂದು ಹಟ ಹಿಡಿದಳು. ಗಂಡ ಬಿಡಲಿಲ್ಲ. ಸನ್ಮಾನ ಆಗಿದೆ, ಫೋಟೋ ಎಲ್ಲರ ಮನೆಗೆ ಹೋಗಿದೆ. ಈಗ ಮತ್ತೆ ಹೋದರೆ ಆವಾಗ ಸುಳ್ಳು ಹೇಳಿದ್ದು ಎಂದಾಗುವುದಿಲ್ಲವೇ? ಮುಗಿಸಿದ್ದೀಯೆಂದು ಮೆರವಣಿಗೆ ಮಾಡಿ, ಆ ಮೆರವಣಿಗೆಯ ಕಾರಣಕ್ಕೇ ಮುಗಿಸಲು ಬಿಡಲಿಲ್ಲ. ಅದೇ ಬೇಸಿಗೆಯಲ್ಲಿ ಅವರಿಗೆ ಬೆಂಗಳೂರಿಗೆ ವರ್ಗವಾಯಿತು. ಸೈಕಲ್ಲನ್ನು ನನಗೆ ಬಿಟ್ಟು ಹೋದಳು. ಸೀಟು ಒರೆಸಿಕೊಟ್ಟು, "ತುಳೀತಿರು ಕಣೇ, ನಿಲ್ಲಿಸ್ಬೇಡ. ತುಕ್ಕು ಹಿಡಿಯುತ್ತೆ" ಎಂದಳು. ಆಮೇಲೂ ಫೋನಿನಲ್ಲಿ ಮಾತಿಗೆ ಮಾತು ಬಂದಾಗ, "ಆ ಕೊನೇ ಏರು ಹೇಗಿರುತ್ತೋ... ವ್ಯಾನಿನ ಕಿಟಕೀಲಿ ನೋಡಿದ್ರೆ ಏನು ಗೊತ್ತಾಗುತ್ತೆ ಹೇಳು" ಎನ್ನುತ್ತಿದ್ದಳು.

ಅವಳು ಕಾಯಿಲೆ ಬಿದ್ದದ್ದನ್ನು ನನಗೆ ಯಾರೂ ಹೇಳಲಿಲ್ಲ. ಹೋದದ್ದು ತಿಳಿದದ್ದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಚಿತ್ರದಿಂದ. ಸಾತಾದ ಅದೇ ಫೋಟೋ. ಅವಳ ಮುಖದ ಮೇಲೆ ಬಾಟಲಿಯ ನೀರು. ಕೆಳಗೆ "ಜಪಾನ್ ದಾಟಿದ ಸಾಹಸಿ ದಂಪತಿ". ಅಳಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ವಾಕರಿಕೆ. ಅವಳಿಗಾಗಿ ನೆಟ್ಟಗೆ ಅಳುವುದಕ್ಕೂ ಬಿಡಲಿಲ್ಲವಲ್ಲ ಇವರು...

ಈವತ್ತು ಬೆಳಿಗ್ಗೆ ಪೇಟವನ್ನು ಬಾಲ್ಕನಿಗೆ ಒಯ್ದೆ. ಬಿಸಿಲಿಗೆ ಹಾಕಲಿಲ್ಲ. ಅಕ್ಕ ಕಲಿಸಿದ ಹಾಗೆಯೇ ಪಿನ್ನು, ತಂತಿ ಎಲ್ಲ ಕಿತ್ತು ಲೋಹದ ಚೀಲಕ್ಕೆ, ಉಳಿದದ್ದನ್ನು ಸುಡುವ ಕಸದ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಕೆಳಗಿಟ್ಟು ಬಂದೆ. ಬರುವಾಗ ಅವಳ ಸೈಕಲ್ಲಿನ ಟೈರು ಒತ್ತಿ ನೋಡಿದೆ. ಗಾಳಿ ಗಟ್ಟಿಯಾಗಿತ್ತು.

ಮಧ್ಯಾಹ್ನ ಕಾರ್ಯದರ್ಶಿಯ ಫೋನು. "ಮೇಡಂ, ಪೇಟ ಗಾಳಿಗೆ ಹಾಕಿದ್ರಾ?"

"ಸುಡೋ ಕಸಕ್ಕೆ ಹಾಕ್ದೆ. ಗಾಡಿ ಬಂದು ಹೋಯ್ತು."

"ಇದ್ದಿದ್ದೇ ಒಂದಲ್ವಾ ಮೇಡಂ!" ಎಂದು ಗೋಳಾಡಿದ. ಆಮೇಲೆ ಸುಧಾರಿಸಿಕೊಂಡು, ಫಲಕದ ಮೇಲೆ ಬರೆಸುವ ಸಾಲು ಓದಿದ. ಇಡೀ ಜಪಾನ್ ಸೈಕಲ್ ಯಾತ್ರೆ ಪೂರೈಸಿದ ಸಾಹಸಿ ದಂಪತಿ...

"ಪೂರೈಸಿದ ಅನ್ನೋದು ತೆಗಿ. ದಂಪತಿ ತೆಗಿ. ಅಕ್ಕನ ಹೆಸರು ಹಾಕಿ, ಸೋಯಾದಿಂದ ತಾರುಮಿಜು ತನಕ ಅಂತ ಬರೆಸು."

"ಅಯ್ಯೋ ಮೇಡಂ, ತೀರಿಕೊಂಡೋರನ್ನ ಹಾಗೆ ಚಿಕ್ಕದು ಮಾಡಬಾರ್ದು."

"ತೀರಿಕೊಂಡೋಳೇ ಹೇಳಿದ್ದು ಕಣೋ ಅದು. ಮೈಕಲ್ಲಿ ಹೇಳಿದ್ಲು. ನೀನು ಬರೆಸದಿದ್ರೆ ಅವತ್ತು ವೇದಿಕೆ ಹತ್ತಿ ನಾನೇ ಹೇಳ್ತೀನಿ, ಅವಳ ಗಂಡನ ಮುಂದೇನೇ."

ಫೋನಿಟ್ಟೆ. ಅಕ್ಕ ಇಲ್ಲ. ಆ ಗುಡ್ಡದ ದಾರಿ ಅವಳ ಪಾಲಿಗೆ ಹಾಗೆಯೇ ಉಳಿದುಹೋಯಿತು. ಅದನ್ನು ಇನ್ನು ಯಾರು ತುಳಿದರೂ ಅವಳು ತುಳಿದಂತಾಗುವುದಿಲ್ಲ. ಆದರೆ ಅವಳು ಮುಗಿಸಲಿಲ್ಲ, ಮುಗಿಸಲು ಬಿಡಲಿಲ್ಲ ಎಂದು ಈ ಸಲ ನಾನು ಹೇಳುತ್ತೇನೆ. ಅದನ್ನು ಯಾರೂ ವಿನಯ ಎಂದುಕೊಳ್ಳುವುದಿಲ್ಲ. ನನಗೆ ಆ ಗುಣ ಇಲ್ಲವೆಂದು ಇಡೀ ಸಂಘಕ್ಕೆ ಗೊತ್ತು.